ಅತ್ತೆಯ ಕೆಮ್ಮು, ನನ್ನ ಕೆಮ್ಮು

ಕುಳಗೇರಿ ಕ್ರಾಸಿನಲ್ಲಿ ಬಸ್ಸಿಳಿದು ಬಾದಾಮಿ ರಸ್ತೆಗೆ ತಿರುಗಿದರೆ ಪಂಕ್ಚರ್ ಅಂಗಡಿಯ ಮಗ್ಗುಲಿಗೆ ನಮ್ಮ ಖಾನಾವಳಿ, ಅದರ ಹಿಂದೆಯೇ ಮನೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಒಂದು ಒಲೆ, ಎರಡು ಬೆಂಚು ಇಟ್ಟುಕೊಂಡು ಶುರುಮಾಡಿದ್ದು. ನಾನು ಹುನಗುಂದದಿಂದ ಸೊಸೆಯಾಗಿ ಬರುವ ಹೊತ್ತಿಗೆ ಅದು ಮಧ್ಯಾಹ್ನ ಜಾಗ ಸಿಗದಷ್ಟು ನಡೆಯುತ್ತಿತ್ತು. ಬಸ್ಸಿನವರು, ಲಾರಿಯವರು, ಬಾದಾಮಿಗೆ ಹೊರಟವರು, ಸಂತೆಗೆ ಬಂದವರು ಎಲ್ಲರೂ ಬರುತ್ತಿದ್ದರು. ಪಲ್ಯ, ಸಾರು, ಚಟ್ನಿ ಅತ್ತೆಯ ಕೈಯಲ್ಲಿ. ರೊಟ್ಟಿ ನನ್ನ ಕೈಯಲ್ಲಿ. ಬಡಿಸುವುದು, ಗಲ್ಲೆಯ ಮೇಲೆ ಕೂತು ದುಡ್ಡು ಎಣಿಸುವುದು ನನ್ನ ಗಂಡನ ಕೆಲಸ.

ಮದುವೆಯಾಗಿ ಬಂದಾಗಿನಿಂದ ನಾನು ಅತ್ತೆಯ ಕೆಮ್ಮು ಕೇಳುತ್ತಲೇ ಇದ್ದೆ. ಮೊದಮೊದಲು ಅದು ಚಳಿಗಾಲದ ಕೆಮ್ಮು. ಆಮೇಲಾಮೇಲೆ ಋತು ಕೇಳದೆ ಬರತೊಡಗಿತು. ಒಗ್ಗರಣೆ ಹಾಕುವಾಗ ಒಂದು ಸುತ್ತು, ಖಾರ ಕುಟ್ಟುವಾಗ ಒಂದು ಸುತ್ತು, ಹಾಸಿಗೆಯಿಂದ ಏಳುವಾಗ ದೊಡ್ಡದೊಂದು ಸುತ್ತು. ಗೋಡೆ ಗಡಿಯಾರದ ಸದ್ದಿನ ಹಾಗೆ ಅದು ನಮ್ಮ ಕಿವಿಗೆ ಬೀಳುವುದೇ ನಿಂತುಹೋಗಿತ್ತು. ಯಾರಾದರೂ ಕೇಳಿದರೆ, “ಹೊಗಿ ಕುಡದ ಎದಿ ಇದು, ಕೆಮ್ಮದ ಏನ್ ಮಾಡೀತು” ಎಂದು ಅತ್ತೆಯೇ ನಗುತ್ತಿದ್ದರು.

ಹೀಗಾಗಿ ನಾನು ಕೆಮ್ಮಲು ಶುರುಮಾಡಿದಾಗಲೂ ಮನೆಯಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ದಿನಾ ಪರಾತದ ತುಂಬ ಜೋಳದ ಹಿಟ್ಟು ನಾದುವವಳು. ಹಿಟ್ಟಿನ ಧೂಳು ಮೂಗಿಗೆ ಹೋಗಿದೆ ಎಂದು ನಾನೂ ಅಂದುಕೊಂಡೆ. ಕ್ರಾಸಿನಲ್ಲೇ ಇದ್ದ ಡಾಕ್ಟರು ಒಂದು ಬಾಟಲಿ ಔಷಧ ಕೊಟ್ಟರು. ಅದು ಮುಗಿಯಿತು, ಕೆಮ್ಮು ಮುಗಿಯಲಿಲ್ಲ. ಇನ್ನೊಂದು ಬಾಟಲಿ, ಎರಡು ಇಂಜೆಕ್ಷನ್. ಸಂಜೆಯಾದರೆ ಮೈ ಬೆಚ್ಚಗಾಗುವುದು, ಬೆಳಗ್ಗೆ ಏಳುವಾಗ ದಿಂಬು ಒದ್ದೆಯಾಗಿರುವುದು. ಮುಂಗೈ ತುಂಬಿಕೊಂಡಿದ್ದ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ರೊಟ್ಟಿ ಬಡಿಯುವಾಗ ಅರ್ಧಕ್ಕೆ ಕೈ ಸೋತು, ಒಲೆಯ ಮುಂದೆ ಸುಮ್ಮನೆ ಕೂತುಬಿಡುತ್ತಿದ್ದೆ. ಹಂಚಿನ ಮೇಲಿನದು ಕರಕಾಗುತ್ತಿತ್ತು.

ಒಂದು ಬೆಳಗ್ಗೆ ಹಿತ್ತಲಿನಲ್ಲಿ ಬಾಯಿ ತೊಳೆಯುವಾಗ ಕಫದ ಜೊತೆ ರಕ್ತ ಬಂತು. ಬಹಳವಲ್ಲ, ಎಲೆ ಅಡಿಕೆ ಉಗುಳಿದಷ್ಟು. ಆದರೆ ನಾನು ಎಲೆ ಅಡಿಕೆ ಹಾಕುವವಳಲ್ಲ. ಅದರ ಮೇಲೆ ನೀರು ಹಾಕಲು ಎತ್ತಿದ್ದ ತಂಬಿಗೆಯನ್ನು ಹಾಗೇ ಹಿಡಿದುಕೊಂಡು ಗಂಡನನ್ನು ಕೂಗಿದೆ. ಅವರು ಬಂದು ನೋಡಿದರು. ಮುಖದ ಬಣ್ಣ ಇಳಿಯಿತು.

“ಇವತ್ತ ಬಾದಾಮಿ ದವಾಖಾನಿಗೆ ಹೋಗೂನು ನಡೀರಿ” ಎಂದೆ.

“ಇವತ್ತ ಸಂತಿ ಐತಿ, ನಾಳೆ…” ಎಂದು ಶುರುಮಾಡಿದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಬಾದಾಮಿಯ ಸರಕಾರಿ ಆಸ್ಪತ್ರೆಯಲ್ಲಿ ನನಗೆ ಮುಚ್ಚಳವಿದ್ದ ಒಂದು ಸಣ್ಣ ಡಬ್ಬಿ ಕೊಟ್ಟು, ಕಟ್ಟಡದ ಹಿಂದೆ ಬಯಲಿನಲ್ಲಿ ನಿಂತು ಕಫ ತೆಗೆಯಲು ಹೇಳಿದರು. “ಬಾಯಾಗಿನ ಉಗುಳು ಬ್ಯಾಡರಿ ಅಕ್ಕಾರ, ಎದಿಯಾಗಿಂದು ಬೇಕು. ಮೂರು ಸಲ ಜೋರ ಉಸುರು ಎಳಕೊಂಡು ಆಮ್ಯಾಲೆ ಕೆಮ್ರಿ” ಎಂದು ಲ್ಯಾಬಿನ ಹುಡುಗಿ ತಾನೇ ಉಸಿರೆಳೆದು ತೋರಿಸಿದಳು. ಮರುದಿನ ಬೆಳಗಿನ ಕಫವನ್ನೂ ತಂದುಕೊಡಬೇಕಾಯಿತು. ಎದೆಯ ಫೋಟೋ ತೆಗೆದರು. ಕಫವನ್ನು ಮಷಿನ್ನಿಗೆ ಹಾಕಿ ನೋಡುತ್ತಾರಂತೆ. ಕಾಯಿಲೆ ಇದೆಯೋ ಇಲ್ಲವೋ ಎಂಬುದರ ಜೊತೆಗೆ ಮುಖ್ಯವಾದ ಔಷಧಿಗೆ ಅದು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಅದು ಹೇಳುತ್ತದಂತೆ.

ಡಾಕ್ಟರ್ ಬಾಯಾರು ನನಗಿಂತ ಸ್ವಲ್ಪ ದೊಡ್ಡ ವಯಸ್ಸಿನ ಹೆಂಗಸು. ಮಾತು ಸುತ್ತಿ ಬಳಸಲಿಲ್ಲ. “ಟಿಬಿ ಐತಿ. ಔಷಧಕ್ಕ ಬಗ್ಗುವಂಥಾದ್ದ ಐತಿ. ಆರು ತಿಂಗಳು ದಿನಾ ಗುಳಿಗಿ ತೊಗೊಂಡ್ರ ಗುಣ ಆಗ್ತದ. ನಡುವ ಬಿಟ್ರ ಕೆಲಸ ಕೆಡ್ತದ” ಎಂದರು.

ನನ್ನ ಬಾಯಿಂದ ಮೊದಲು ಬಂದ ಪ್ರಶ್ನೆ ಸಾಯುವ ಬದುಕುವ ವಿಷಯದ್ದಾಗಿರಲಿಲ್ಲ. “ನಾ ರೊಟ್ಟಿ ಬಡೀತೇನ್ರಿ ಬಾಯಾರ. ನನ್ನ ಕೈಯಾಗಿಂದು ಊರ ಮಂದಿ ಉಂಡಾರಲ್ರಿ?”

“ರೊಟ್ಟಿಯಿಂದ ಬರಂಗಿಲ್ಲ, ತಾಟಿನಿಂದ ಬರಂಗಿಲ್ಲ. ಕೆಮ್ಮಿದಾಗ ಗಾಳಿಗೆ ಬರ್ತದ. ಗಾಳಿ ಆಡದ ಖೋಲಿಯೊಳಗ ದಿನಗಟ್ಟಲೆ ಜೋಡಿ ಇದ್ದವರಿಗೆ ಹತ್ತೂದು ಜಾಸ್ತಿ. ಸದ್ಯಕ್ಕ ಒಲಿ ಮುಂದ ಕೂಡಬ್ಯಾಡ್ರಿ. ಗುಳಿಗಿ ಶುರು ಆಗ್ಲಿ, ಯಾವಾಗ ಕೂಡಬೇಕು ಅಂತ ನಾ ಹೇಳ್ತೀನಿ.” ಅಷ್ಟು ಹೇಳಿ ಬರೆಯುವುದನ್ನು ನಿಲ್ಲಿಸಿ ಕೇಳಿದರು: “ಮನ್ಯಾಗ ಮತ್ತ ಯಾರಿಗರೆ ಕೆಮ್ಮು ಐತೇನು?”

“ಇಲ್ರಿ” ಎಂದರು ನನ್ನ ಗಂಡ.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ತಾಯಿಯ ಕೆಮ್ಮು ಅವರ ಮಟ್ಟಿಗೆ ನಿಜಕ್ಕೂ ಕೆಮ್ಮಾಗಿರಲಿಲ್ಲ, ತಾಯಿಯ ದನಿಯಾಗಿತ್ತು. ಆದರೆ ನನಗೆ ಆ ಕ್ಷಣದಲ್ಲಿ ಮನೆಯ ಪಡಸಾಲೆ ಕಣ್ಣಿಗೆ ಕಟ್ಟಿತು: ಅತ್ತೆ, ಅವರ ಮಗ್ಗುಲಿಗೆ ಒತ್ತಿಕೊಂಡು ಮಲಗಿದ ನನ್ನ ನಾಲ್ಕು ವರ್ಷದ ಮಗಳು, ಮುಚ್ಚಿದ ಕಿಟಕಿ.

“ಐತ್ರಿ. ನಮ್ಮ ಅತ್ತಿಯವರಿಗೆ ಐತಿ. ಭಾಳ ವರ್ಷದಿಂದ” ಎಂದೆ.

ಗಂಡ ನೆಲ ನೋಡಿದರು. ಡಾಕ್ಟರು ನನ್ನ ಮುಖ ನೋಡಿ, “ಅವರನ್ನ ಕರಕೊಂಡ ಬರ್ರಿ. ಹುಡಿಗೀನ್ನೂ” ಎಂದರು.

ಮನೆಗೆ ಬಂದು ಹೇಳಿದಾಗ ಅತ್ತೆ ಬದನೆಕಾಯಿ ಹೆಚ್ಚುತ್ತಿದ್ದರು. ನನಗೆ ಟಿಬಿ ಎಂದದ್ದಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ನನ್ನ ಬೆನ್ನು ಸವರಿದರು. “ಹೆದರಬ್ಯಾಡ ತಂಗಿ, ಹಾಲು ತುಪ್ಪ ಉಣ್ಣಿಸಿ ಎಬ್ಬಿಸಿ ನಿಲ್ಲಸ್ತೀನಿ ನಿನ್ನ” ಎಂದರು. ಅವರನ್ನೂ ಪರೀಕ್ಷೆಗೆ ಕರೆದಿದ್ದಾರೆ ಎಂದೊಡನೆ ಕೈ ಹಿಂದಕ್ಕೆ ಹೋಯಿತು.

“ನನಗ? ನನಗ ಯಾತರ ಟಿಬಿ? ನನ್ನ ಕೈಯಾಗಿನ ಅನ್ನ ಉಂಡವರು ಈ ರೋಡ್ ತುಂಬ ಅದಾರ. ಅವರಿಗೆಲ್ಲಾ ಏನಂತ ಹೇಳ್ಲಿ ನಾ?”

“ಏನೂ ಹೇಳೂದು ಬ್ಯಾಡ್ರಿ ಅತ್ತಿ. ಕಫಾ ಕೊಟ್ಟು ಬಂದ್ರ ಆತು.”

“ಕೊಡಂಗಿಲ್ಲ.”

ಅದೇ ವಾರ ನನ್ನ ತಾಯಿ ಹುನಗುಂದದಿಂದ ಬಂದಳು. ವಿಷಯ ಕೇಳಿದವಳೇ ಬಟ್ಟೆ ಚೀಲ ತುಂಬಲು ಕೂತಳು, ನನ್ನದೂ ಮಗಳದೂ. ಅತ್ತೆಗೆ ಕೇಳುವ ಹಾಗೆಯೇ ಹೇಳಿದಳು: “ಆಕೀ ಕೆಮ್ಮಿ ಕೆಮ್ಮಿ ನಿನಗ ಹಚ್ಚ್ಯಾಳ. ನನ್ನ ಮಗಳನ್ನ ಒಲಿ ಮುಂದ ಕೂಡಿಸಿ ಕೊಲ್ಲಾಕ ಕೊಟ್ಟಿಲ್ಲ ನಾ.” ಅತ್ತೆ ಎದ್ದು ಹಿತ್ತಲಿಗೆ ಹೋದರು. ಹಿತ್ತಲಿನಿಂದ ಕೆಮ್ಮು ಕೇಳಿಸಿತು. ತಡೆದು ತಡೆದು ಕೆಮ್ಮುತ್ತಿದ್ದರು. ಅವರು ಹಾಗೆ ತಡೆದುಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ತವರಿಗೆ ಹೋಗಬೇಕು ಎಂದು ನನಗೂ ಅನ್ನಿಸಿತ್ತು. ಹೋದರೆ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಆದರೆ ನಾನು ಹೋದರೆ ಅತ್ತೆ ಯಾವತ್ತೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದೂ ಅಷ್ಟೇ ಖಚಿತವಾಗಿತ್ತು. ಆರು ತಿಂಗಳು ಔಷಧ ನುಂಗಿ, ಗುಣವಾಗಿ, ಮತ್ತೆ ಅದೇ ಕೆಮ್ಮಿನ ಮುಂದೆ ಬಂದು ಕೂಡುವುದರಲ್ಲಿ ಏನು ಅರ್ಥ? ತಾಯಿ ತುಂಬಿದ ಚೀಲವನ್ನು ನಾನು ಖಾಲಿ ಮಾಡಿದೆ. ಅವಳು ಸಿಟ್ಟಿನಿಂದ ಒಬ್ಬಳೇ ಬಸ್ಸು ಹತ್ತಿದಳು.

ಖಾನಾವಳಿಗೆ ಬಾಗಿಲು ಹಾಕಿದೆವು. ನಾನು ದಿನಾ ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಕಟ್ಟೆಯ ಮೇಲೆ ಕೂತು ನನ್ನ ತೂಕಕ್ಕೆ ತಕ್ಕಷ್ಟು ಗುಳಿಗೆಗಳನ್ನು ನುಂಗುತ್ತಿದ್ದೆ. ಆಮೇಲೆ ಒಂದು ತಾಸು ಹೊಟ್ಟೆ ತೊಳಸುವುದು. ಮೂತ್ರ ಕೇಸರಿ ಬಣ್ಣಕ್ಕೆ ತಿರುಗಿದಾಗ, ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಮಗಳನ್ನು ಗಂಡ ಬಾದಾಮಿಗೆ ಕರೆದೊಯ್ದು ತೋರಿಸಿಕೊಂಡು ಬಂದರು. ತಾವೂ ಫೋಟೋ ತೆಗೆಸಿಕೊಂಡರು. ಇಬ್ಬರಿಗೂ ಕಾಯಿಲೆ ಇರಲಿಲ್ಲ. ಆದರೆ ಬಾರದಂತೆ ತಡೆಯುವ ಗುಳಿಗೆ ಇಬ್ಬರಿಗೂ ಕೊಟ್ಟಿದ್ದರು. ಮಗಳು ಅದನ್ನು ನುಂಗಲು ಒಲ್ಲೆನೆಂದು ಹಟ ಮಾಡಿ, “ಆಯಿ” ಎನ್ನುತ್ತ ಅಜ್ಜಿಯ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು.

“ಈ ಕೂಸಿಗೆ ಯಾಕ ಗುಳಿಗಿ? ಏನೂ ಆಗಿಲ್ಲಂದ್ರಲ್ಲ” ಎಂದರು ಅತ್ತೆ.

ಇಷ್ಟು ದಿನ ನಾನು ಆ ಮಾತನ್ನು ನಾಲಿಗೆಯ ಮೇಲೆ ತಂದುಕೊಂಡಿರಲಿಲ್ಲ. ಅವತ್ತು ಹೇಳಿದೆ. “ಆಕಿ ನಿಮ್ಮ ಮಗ್ಗಲದಾಗ ಮಲಗ್ತಾಳಲ್ರಿ ಅತ್ತಿ. ನಿಮಗ ಐತೋ ಇಲ್ಲೋ ಗೊತ್ತಿಲ್ಲ. ಅದಕ್ಕ.”

ಅತ್ತೆ ಮಗಳನ್ನು ಸೆರಗಿನಿಂದ ಮೆಲ್ಲಗೆ ಬಿಡಿಸಿ ನನ್ನ ಕಡೆ ಸರಿಸಿದರು. ನಾನು ಗುಳಿಗೆಯನ್ನು ಪುಡಿ ಮಾಡಿ ಚಮಚದಲ್ಲಿ ಕಲಸಿ ಕುಡಿಸುವವರೆಗೂ ದೂರ ಸರಿದು ಕೂತಿದ್ದರು.

ಮರುದಿನ ನಾನು ಏಳುವ ಹೊತ್ತಿಗೆ ಅವರು ಸ್ನಾನ, ಲಿಂಗಪೂಜೆ ಮುಗಿಸಿ, ಮದುವೆಗೆ ಉಡುವ ಇಳಕಲ್ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿದ್ದರು. “ಬಾದಾಮಿಗೆ ಬರಂಗಿಲ್ಲ. ಅಲ್ಲಿ ಎಲ್ಲಾರೂ ನನ್ನ ಕೈಯಾಗಿಂದು ಉಂಡವರ ಅದಾರ. ಬಾಗಲಕೋಟಿಗೆ ನಡೀರಿ” ಎಂದರು. ನಾವು ಎರಡನೆಯ ಮಾತಾಡದೆ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಕಿಟಕಿ ತೆರೆದಿಟ್ಟುಕೊಂಡು, ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತಿದ್ದರು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಅತ್ತೆಯ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ತೋರಿಸಿದರು. ನನ್ನದರಲ್ಲಿ ಒಂದು ಮೂಲೆಯಲ್ಲಿ ಮಬ್ಬು ಇತ್ತು; ಅವರದರಲ್ಲಿ ಎರಡೂ ಕಡೆ ಹರಡಿತ್ತು. ಕಫದಲ್ಲೂ ಟಿಬಿ ಕಂಡುಬಂತು. ರಕ್ತ ಪರೀಕ್ಷೆಯಲ್ಲಿ ಶುಗರ್ ಇರುವುದೂ ಗೊತ್ತಾಯಿತು. ಅದೊಂದು ಇದ್ದರೆ ಟಿಬಿ ಬೇಗ ಹಿಡಿಯುತ್ತದೆ, ತಡವಾಗಿ ಬಿಡುತ್ತದೆ ಎಂದರು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಡಾಕ್ಟರಿಗೆ ಕೈಮುಗಿದು, “ಗುಳಿಗಿ ಕೊಡ್ರಿ” ಎಂದಷ್ಟೇ ಹೇಳಿದರು.

ಅಂದಿನಿಂದ ಕಟ್ಟೆಯ ಮೇಲೆ ನಾವಿಬ್ಬರೂ ಕೂಡತೊಡಗಿದೆವು. ಮಾತು ಕಡಿಮೆ. ನೀರಿನ ತಂಬಿಗೆ ನಡುವೆ ಇಟ್ಟುಕೊಂಡು ಅವರದು ಅವರು, ನನ್ನದು ನಾನು ನುಂಗುವುದು. ಆರೋಗ್ಯ ಇಲಾಖೆಯವರೊಬ್ಬರು ಬೈಕಿನಲ್ಲಿ ಆಗಾಗ ಬಂದು ತಪ್ಪಿಸಿಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು. ಅತ್ತೆ ಅವರ ಜೊತೆ ಮಾತಾಡುತ್ತಿದ್ದರು, ನನ್ನ ಜೊತೆ ಅಷ್ಟಾಗಿ ಇಲ್ಲ. ನನಗೂ ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ. ತಾಯಿ ಆಡಿಹೋದ ಮಾತು ನಮ್ಮಿಬ್ಬರ ನಡುವೆ ಹಾಗೇ ಉಳಿದಿತ್ತು.

ನನಗೆ ಹಸಿವು ಮರಳಿತು. ಸಂಜೆಯ ಜ್ವರ ಬಿಟ್ಟಿತು. ಒಂದು ದಿನ ಗಂಡನಿಗೆ ಹೇಳಿ ಒಲೆಯ ಹಿಂದಿನ ಗೋಡೆ ಒಡೆಸಿದೆ. ಅಲ್ಲಿ ದೊಡ್ಡ ಕಿಟಕಿ ಇಡಿಸಿದೆವು, ಪಡಸಾಲೆಗೂ ಇನ್ನೊಂದು. ಪಕ್ಕದ ಹಳ್ಳಿಯ ಇಬ್ಬರು ಹೆಂಗಸರನ್ನು ರೊಟ್ಟಿಗೆ, ಅಡಿಗೆಗೆ ಕರೆಸಿ ಖಾನಾವಳಿಯ ಬಾಗಿಲು ತೆಗೆದೆವು. ಮೊದಲ ದಿನವೇ ಹಳೆಯ ಗಿರಾಕಿಯೊಬ್ಬರು, ಲಾರಿ ಡ್ರೈವರು, “ಅಕ್ಕಾರು ಕಾಣವಲ್ರು, ಎಲ್ಲಿ ಹೋಗ್ಯಾರ?” ಎಂದು ಕೇಳಿದರು. “ತವರ ಮನಿಗೆ…” ಎಂದು ಗಂಡ ಅನ್ನುತ್ತಿರುವಾಗಲೇ ನಾನು ಮೂಗು ಬಾಯಿ ಮುಚ್ಚಿಕೊಂಡು ಹೊರಬಾಗಿಲ ಬಳಿ ಹೋಗಿ ನಿಂತೆ.

“ಇಲ್ಲೇ ಅದೀನ್ರಿ. ನನಗ ಟಿಬಿ ಆಗೈತಿ. ದಿನಾ ಗುಳಿಗಿ ತೊಗೊಳ್ಳಾಕತ್ತೀನಿ. ಡಾಕ್ಟರು ಹೂಂ ಅನ್ನೂತನಕ ಒಲಿ ಮುಂದ ಕೂಡಂಗಿಲ್ಲ. ಉಣ್ಣಾಕ ಅಡ್ಡಿಯಿಲ್ಲ, ಉಂಡ್ರ ಬರಂಗಿಲ್ಲ.”

ಬೆಂಚಿನ ಮೇಲಿದ್ದವರ ಕೈಗಳು ತಾಟಿನಲ್ಲಿ ನಿಂತುಹೋದವು. ಇಬ್ಬರು ಎದ್ದು ಹೋದರು. ಡ್ರೈವರು ಮಾತ್ರ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, “ಪಲ್ಯ ಹಾಕ್ರಿ” ಎಂದು ಗಂಡನ ಕಡೆ ತಾಟು ನೂಕಿದರು. ಆಮೇಲೆ ಕೈತೊಳೆಯುವಾಗ ದನಿ ಇಳಿಸಿ, ತಮ್ಮ ತಮ್ಮನಿಗೂ ಹೀಗೇ ಜ್ವರ, ಕೆಮ್ಮು, ಎಲ್ಲಿ ತೋರಿಸಬೇಕು ಎಂದು ಕೇಳಿದರು. ನಾನು ಹೇಳಿದೆ. ಅವರು ಹೋದ ಮೇಲೆ ಗಂಡ, “ಎಲ್ಲಾ ಹೇಳಿಬಿಟ್ಟೆಲ್ಲ ನೀ” ಎಂದರು. ಬೈಗುಳವೋ ಹೊಗಳಿಕೆಯೋ ಗೊತ್ತಾಗಲಿಲ್ಲ. ಆ ತಿಂಗಳು ಅರ್ಧದಷ್ಟು ಜನ ಬರಲಿಲ್ಲ.

ಗುಳಿಗೆ ಶುರುವಾಗಿ ಎರಡನೆಯ ತಿಂಗಳು ಮುಗಿಯುತ್ತ ಬಂದಾಗ ಅತ್ತೆ ಊಟ ಬಿಟ್ಟರು. ಪಿತ್ತ ಎಂದರು, ಬಿಸಿಲು ಎಂದರು. ಒಂದು ಬೆಳಗ್ಗೆ ಕಟ್ಟೆಯ ಮೇಲೆ ಗುಳಿಗೆ ಕೈಗೆ ಕೊಡುವಾಗ ಎಳೆಬಿಸಿಲಿನಲ್ಲಿ ಅವರ ಕಣ್ಣು ನೋಡಿದೆ. ಅರಿಸಿನ ಹಚ್ಚಿದ ಹಾಗೆ ಹಳದಿ. ಕೊಟ್ಟ ಗುಳಿಗೆಗಳನ್ನು ವಾಪಸು ತೆಗೆದುಕೊಂಡು, ಬೈಕಿನವರಿಗೆ ಫೋನ್ ಮಾಡಿದೆ. “ಇವತ್ತಿಂದು ಕೊಡಬ್ಯಾಡ್ರಿ, ಈಗಿಂದೀಗ ಬಾಗಲಕೋಟಿಗೆ ಕರಕೊಂಡ ಹೋಗ್ರಿ” ಎಂದರು.

ಔಷಧ ಲಿವರಿಗೆ ತಾಗಿತ್ತು. ಎಲ್ಲ ಗುಳಿಗೆಗಳನ್ನೂ ನಿಲ್ಲಿಸಿ ಅತ್ತೆಯನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡರು. ನಾನು ಜೊತೆಗೆ ಉಳಿದೆ. ಅಷ್ಟು ಹೊತ್ತಿಗೆ ನನ್ನ ಕಫದಲ್ಲಿ ಏನೂ ಇರಲಿಲ್ಲ. ಕಣ್ಣಿನ ಹಳದಿ ಇಳಿದ ಮೇಲೆ ಡಾಕ್ಟರು ಬಂದು, ಒಂದೊಂದೇ ಗುಳಿಗೆಯನ್ನು ಮತ್ತೆ ಶುರುಮಾಡಿ, ರಕ್ತ ನೋಡುತ್ತ ನೋಡುತ್ತ ಮುಂದಿನದನ್ನು ಸೇರಿಸುತ್ತೇವೆ ಎಂದರು. ಅವರು ಹೋದ ಮೇಲೆ ಅತ್ತೆ ಗೋಡೆಯ ಕಡೆ ಹೊರಳಿದರು.

“ಸಾಕು ತಂಗಿ. ಇನ್ನ ಒಂದೂ ನುಂಗಂಗಿಲ್ಲ. ರೋಗಕ್ಕಿಂತ ಮೊದಲ ಗುಳಿಗೀನ ಕೊಲ್ತಾವ ನನ್ನ. ಮನಿಗೆ ಹೋಗೂನು.”

“ಆಗಂಗಿಲ್ರಿ.”

“ನನ್ನ ಜೀವ ನನ್ನದು.”

“ನಿಮ್ಮ ಕೆಮ್ಮು ನಿಮ್ಮೊಬ್ಬರದಲ್ಲಲ್ರಿ ಅತ್ತಿ. ನಾ ಒಬ್ಬಾಕಿ ಗುಣ ಆಗಿ ಏನ್ ಮಾಡ್ಲಿ? ಆ ಹುಡಿಗಿ ದಿನಾ ಫೋನಿನ್ಯಾಗ ಆಯಿ ಯಾವಾಗ ಬರ್ತಾಳ ಅಂತ ಅಳ್ತಾಳ. ನಿಮ್ಮ ಮಗ್ಗಲದಾಗ ಮಲಗಬ್ಯಾಡ ಅಂತ ಆಕಿಗೆ ಎಷ್ಟು ವರ್ಷ ಹೇಳ್ಲಿ?”

ಪಕ್ಕದ ಹಾಸಿಗೆಯವರಿಗೆ ಯಾರೋ ಗಂಜಿ ತಂದರು, ಕುಡಿಸಿದರು, ಪಾತ್ರೆ ತೊಳೆದುಕೊಂಡು ಹೋದರು. ಆಮೇಲೆ ಅತ್ತೆ ಗೋಡೆ ನೋಡುತ್ತಲೇ ಕೇಳಿದರು:

“ನಾ ಹಚ್ಚಿದ್ನಲ್ಲಾ ನಿನಗ. ಸಿಟ್ಟಿಲ್ಲೇನು ನನ್ನ ಮ್ಯಾಲೆ?”

ಇಲ್ಲ ಎನ್ನುವುದು ಸುಲಭವಿತ್ತು. “ಐತ್ರಿ” ಎಂದೆ. “ಬೇಕಂತ ಹಚ್ಚಿಲ್ಲ ಅಂತ ಗೊತ್ತೈತಿ. ಆದರೂ ಐತಿ. ನೀವು ಗುಳಿಗಿ ತೊಗೊಳ್ರಿ, ಗುಣ ಆಗ್ರಿ. ಸಿಟ್ಟು ತಾನ ಹೋಗ್ತದ.”

ಅತ್ತೆ ನನ್ನ ಕಡೆ ಹೊರಳಿದರು. ಅಳುತ್ತಿದ್ದಾರೆ ಎಂದುಕೊಂಡೆ, ಆದರೆ ಮುಖದಲ್ಲಿ ಅರ್ಧ ನಗೆಯಿತ್ತು. “ನಿಮ್ಮವ್ವನಂಗ ಆಗೀದಿ ನೀ, ಬಾಯಾಗ” ಎಂದರು. ಆಮೇಲೆ ಎದ್ದು ಕೂತು ಗಂಜಿ ಕೇಳಿದರು.

ಗುಳಿಗೆಗಳು ಒಂದೊಂದಾಗಿ ಮರಳಿ ಶುರುವಾದವು. ಒಂದು ಔಷಧ ಅವರಿಗೆ ಒಗ್ಗುವುದೇ ಇಲ್ಲವೆಂದು ಅದನ್ನು ಬಿಟ್ಟು ಬೇರೆ ಕೊಟ್ಟರು. ಹೀಗಾಗಿ ಅವರ ಚಿಕಿತ್ಸೆ ನನ್ನದಕ್ಕಿಂತ ತಿಂಗಳುಗಟ್ಟಲೆ ಉದ್ದವಾಯಿತು. ನಾನು ಮುಗಿಸಿ ಡಾಕ್ಟರ್ ಬಾಯಾರ ಒಪ್ಪಿಗೆಯಿಂದ ಯಾವಾಗಲೋ ಒಲೆಯ ಮುಂದೆ ಕೂತಿದ್ದೆ. ಅತ್ತೆ ಇನ್ನೂ ಕಟ್ಟೆಯ ಮೇಲೆ ಒಬ್ಬರೇ ನುಂಗುತ್ತಿದ್ದರು. ನಾನು ನೀರಿನ ತಂಬಿಗೆ ತಂದು ಪಕ್ಕದಲ್ಲಿ ಕೂಡುತ್ತಿದ್ದೆ. ಕೆಮ್ಮು ಸಣ್ಣದಾಗುತ್ತ ಹೋಯಿತು. ಪೂರ್ತಿ ನಿಂತ ದಿನ ಯಾವುದೆಂದು ನಮಗೆ ಯಾರಿಗೂ ತಿಳಿಯಲಿಲ್ಲ. ಒಂದು ಬೆಳಗ್ಗೆ ಗಂಡ ಹಲ್ಲುಜ್ಜುತ್ತ ನಿಂತವರು, “ಅವ್ವ ಕೆಮ್ಮಲೇ ಇಲ್ಲಲ್ಲ ಇವತ್ತ” ಎಂದರು.

ಕೊನೆಯ ಪರೀಕ್ಷೆಯಲ್ಲಿ ಅತ್ತೆಯ ಕಫವೂ ಸ್ವಚ್ಛ ಬಂತು. ಎದೆಯಲ್ಲಿ ಕಲೆ ಉಳಿದಿದೆ, ಏರು ಹತ್ತಿದರೆ ಉಬ್ಬಸ ಬರುತ್ತದೆ. ಅದು ಇನ್ನು ಹೋಗುವುದಿಲ್ಲ ಎಂದರು. ಶುಗರಿನ ಗುಳಿಗೆ ಕಾಯಂ. ಗಿರಾಕಿಗಳಲ್ಲಿ ಬಹಳ ಜನ ಮರಳಿ ಬಂದರು. ಕೆಲವರು ಈಗಲೂ ನಮ್ಮ ಬಾಗಿಲು ದಾಟಿ ಮುಂದಿನ ಖಾನಾವಳಿಗೆ ಹೋಗುತ್ತಾರೆ. ಹೋಗಲಿ.

ಮೊನ್ನೆ ಮೊನ್ನೆ ಇಳಕಲ್ಲಿನಿಂದ ಅತ್ತೆಯ ತಂಗಿಯ ಫೋನು ಬಂದಿತ್ತು. ಆಕೆ ಮಗ್ಗಕ್ಕೆ ನೂಲು ಸುತ್ತಿಕೊಡುವವರು. ಮಾತಿನ ನಡುವೆ ನಾಲ್ಕು ಸಲ ಕೆಮ್ಮಿದರಂತೆ. ಅತ್ತೆ ಫೋನಿನಲ್ಲೇ ಗದರಿದರು: “ನೂಲಿನ ಧೂಳು ಅಂತ ನನಗ ಹೇಳಬ್ಯಾಡ. ನಾಳೆ ಬರ್ತೀನಿ, ತಯಾರ ಇರು.” ಮರುದಿನ ನನ್ನನ್ನೂ ಹೊರಡಿಸಿದರು. ಇಳಕಲ್ಲಿನ ಆಸ್ಪತ್ರೆಯಲ್ಲಿ ಅತ್ತೆ ತಾವೇ ತಂಗಿಯ ಮುಂದೆ ನಿಂತು ಉಸಿರು ಹೇಗೆ ಎಳೆಯಬೇಕು, ಕಫ ಎಲ್ಲಿಂದ ತೆಗೆಯಬೇಕು ಎಂದು ತೋರಿಸಿದರು. ಟಿಬಿ ಇರಲಿಲ್ಲ, ದಮ್ಮು ಎಂದು ಸೇದುವ ಔಷಧ ಕೊಟ್ಟರು.

ವಾಪಸು ಬರುವಾಗ ಹುನಗುಂದದಲ್ಲಿ ಬಸ್ಸು ನಿಂತಿತು. ಅತ್ತೆ ಚೀಲ ಹೆಗಲಿಗೇರಿಸಿ ಎದ್ದು ನಿಂತರು.

“ಇಲ್ಲಿ ಯಾಕ್ರಿ ಅತ್ತಿ?”

“ನಿಮ್ಮವ್ವನ ಮನಿಗೆ. ಆಕಿ ಬೈದು ಹೋದಾಕಿ ಮತ್ತ ಬಂದಿಲ್ಲ. ನಾನರೆ ಹೋಗಬೇಕಲ್ಲ.”

ನನ್ನ ತಾಯಿ ಬಾಗಿಲಲ್ಲಿ ನಮ್ಮನ್ನು ಕಂಡು ಗಲಿಬಿಲಿಯಾದಳು. ಕುರ್ಚಿ ಒರೆಸಿದಳು, ಮತ್ತೆ ಒರೆಸಿದಳು. ಅತ್ತೆ ಕುರ್ಚಿಯ ಮೇಲೆ ಕೂಡದೆ ಸೀದಾ ಅಡಿಗೆಮನೆಗೆ ಹೋಗಿ, “ನೀರು ಕೊಡವಾ ಬೀಗತಿ, ಬಾಯಿ ಒಣಗೇತಿ” ಎಂದು ನೆಲದ ಮೇಲೆ ಕೂತರು. ತಾಯಿ ನೀರು ಕೊಟ್ಟಳು. ಆಮೇಲೆ ಒಲೆ ಹಚ್ಚಿ ಚಹಾಕ್ಕಿಟ್ಟಳು. ಇಬ್ಬರೂ ನನ್ನ ಹೆಸರೆತ್ತಲಿಲ್ಲ, ಕಾಯಿಲೆಯ ಹೆಸರೂ ಎತ್ತಲಿಲ್ಲ. ಈ ಸಲದ ಜೋಳದಲ್ಲಿ ಹಿಟ್ಟು ಜಿಗುಟು ಬರುವುದಿಲ್ಲ ಎಂದು ಒಬ್ಬರು, ಬಿಸಿನೀರಿನಲ್ಲಿ ನಾದಿದರೆ ಬರುತ್ತದೆ ಎಂದು ಇನ್ನೊಬ್ಬರು ವಾದಕ್ಕೆ ಬಿದ್ದರು. ಕೊನೆಯ ಬಸ್ಸು ತಪ್ಪೀತೆಂದು ನಾನೇ ಅವರನ್ನು ಎಬ್ಬಿಸಬೇಕಾಯಿತು.